ಓದುಗರ ಪ್ರಶ್ನೆ: ಪರದೆಯ ಮೇಲೆ ಕೈಮಾತು

ಪ್ರಶ್ನೆ: ನಮ್ಮ ಶಾಲೆಯಲ್ಲಿ ಕಿವಿ ಕೇಳದ ಮಕ್ಕಳು ಒಂಬತ್ತು, ಹತ್ತನೇ ತರಗತಿಯಲ್ಲಿದ್ದಾರೆ. ಕಿವುಡ ಹುಡುಗಿಯ ಪ್ರೇಮಕಥೆಯಿರುವ ಜಪಾನಿನ ಅನಿಮೇಷನ್ ಚಿತ್ರ ‘ಎ ಸೈಲೆಂಟ್ ವಾಯ್ಸ್’ ತೋರಿಸಬೇಕೆಂದಿದ್ದೇವೆ. ಅದರಲ್ಲಿ ಅವಳನ್ನು ಸರಿಯಾಗಿ ತೋರಿಸಿದ್ದಾರೆಯೇ? ಅವಳ ಸನ್ನೆ ನಮ್ಮ ಮಕ್ಕಳಿಗೆ ತಿಳಿಯುತ್ತದೆಯೇ?
— ಶಿಕ್ಷಕಿ, ಗಂಗಾವತಿ

ಉತ್ತರ: ತಿಳಿಯುವುದಿಲ್ಲ. ಚಿತ್ರದಲ್ಲಿರುವುದು ಜಪಾನಿ ಸನ್ನೆ ಭಾಷೆ, ನಿಮ್ಮ ಮಕ್ಕಳದು ಭಾರತೀಯ ಸನ್ನೆ ಭಾಷೆ. ಪದ, ವ್ಯಾಕರಣ ಎರಡೂ ಬೇರೆ. ಹಾಗಾಗಿ ಸನ್ನೆ ಬಲ್ಲವರೊಬ್ಬರು ಪರದೆಯ ಪಕ್ಕ ನಿಲ್ಲಲೇಬೇಕು. ದೀಪವೆಲ್ಲ ಆರಿಸಿದರೆ ಅವರ ಕೈ ಕಾಣದು. ಮುಖದಿಂದ ಸೊಂಟದವರೆಗೆ ಬೀಳುವಂತೆ ಒಂದು ಲೈಟ್ ಇಡಿ. ಚಿತ್ರ 130 ನಿಮಿಷದ್ದು, ಒಬ್ಬರಿಂದಲೇ ಆಗದು. ಇಬ್ಬರಿರಲಿ, 20 ನಿಮಿಷಕ್ಕೊಮ್ಮೆ ಬದಲಾಗಲಿ. ಪರದೆ, ಸಬ್‌ಟೈಟಲ್, ಕೈ ಮೂರನ್ನೂ ಒಟ್ಟಿಗೆ ನೋಡಲು ಮಕ್ಕಳ ಕಣ್ಣಿಗೆ ಸಾಧ್ಯವಿಲ್ಲ. ಹಿಂದಿನ ದಿನವೇ ಕಥೆಯನ್ನು ಸನ್ನೆಯಲ್ಲಿ ಹೇಳಿಬಿಡಿ, ಚಿತ್ರವನ್ನು ಎರಡು ಪಾಲು ಮಾಡಿ ತೋರಿಸಿ.

ಒಂದು ದೃಶ್ಯವನ್ನಂತೂ ಮೊದಲೇ ಬಿಡಿಸಿ ಹೇಳಿ. ಕಿವುಡ ಹುಡುಗಿ ಶೋಕೊ ಸನ್ನೆ ಬಿಟ್ಟು ಬಾಯಿಬಿಟ್ಟೇ ‘ಸುಕಿ’ ಎನ್ನುತ್ತಾಳೆ. ‘ನೀನಂದ್ರೆ ಇಷ್ಟ’ ಎಂದರ್ಥ. ಉಚ್ಚಾರ ಸ್ಪಷ್ಟವಿಲ್ಲದ್ದರಿಂದ, ಹಿಂದೆ ಶಾಲೆಯಲ್ಲಿ ಅವಳನ್ನು ಕಾಡಿಸಿದ್ದ ಹುಡುಗ ಶೋಯಾನ ಕಿವಿಗೆ ಅದು ‘ತ್ಸುಕಿ’, ಅಂದರೆ ಚಂದ್ರ. ಈ ಎರಡು ಪದ ಗೊತ್ತಿಲ್ಲದವರಿಗೆ ಚಿತ್ರದ ಜೀವಾಳವೇ ತಪ್ಪಿಹೋಗುತ್ತದೆ.

ಇನ್ನು ಸರಿಯಾಗಿ ತೋರಿಸಿದ್ದಾರೆಯೇ ಎಂಬ ಮಾತು. ನಾವೋಕೊ ಯಮಾದಾ ನಿರ್ದೇಶನದ ಈ ಚಿತ್ರ 2016ರದು. ಮೂಲ ಮಾಂಗಾ (ಜಪಾನಿ ಚಿತ್ರಕಥೆ ಪುಸ್ತಕ) ಬರೆದ ಯೊಶಿತೊಕಿ ಓಯಿಮಾ ಅವರ ತಾಯಿ ಸನ್ನೆ ಭಾಷೆಯ ದುಭಾಷಿ. ಆ ತಿಳಿವಳಿಕೆ ಚಿತ್ರದಲ್ಲೂ ಕಾಣುತ್ತದೆ: ಸನ್ನೆ ಇಲ್ಲಿ ಅಲಂಕಾರವಲ್ಲ, ಸಂಭಾಷಣೆ. ಶ್ರವಣಯಂತ್ರ ಕಿತ್ತೆಸೆಯುವ ಕೀಟಲೆಯ ಕ್ರೌರ್ಯವನ್ನೂ ಮರೆಮಾಚಿಲ್ಲ. ಆದರೆ ಕಥೆ ಸಾಗುವುದು ಹೆಚ್ಚಾಗಿ ಕಾಡಿಸಿದ ಹುಡುಗನ ಕಣ್ಣಿನಿಂದ. ನೊಂದವಳೇ ಮತ್ತೆ ಮತ್ತೆ ಕ್ಷಮೆ ಕೇಳುತ್ತಾಳೆ, ಅವಳ ಸಿಟ್ಟಿಗೆ ಜಾಗ ತೀರಾ ಕಡಿಮೆ. ನಮ್ಮ ಮಟ್ಟಿಗೆ ಇದು ದೊಡ್ಡ ಕೊರತೆ. ಶೋಕೊಗೆ ಜಪಾನಿಯಲ್ಲಿ ಧ್ವನಿ ಕೊಟ್ಟ ಸಾವೊರಿ ಹಯಾಮಿ ಕೂಡ ಕಿವಿ ಕೇಳುವವರೇ. ಚಿತ್ರ ಮುಗಿದ ಮೇಲೆ ‘ಅವಳ ಜಾಗದಲ್ಲಿ ನೀನಿದ್ದರೆ ಕ್ಷಮಿಸುತ್ತಿದ್ದೆಯಾ?’ ಎಂದು ಮಕ್ಕಳನ್ನೇ ಕೇಳಿ. ‘ಇಲ್ಲ’ ಎಂದರೆ ತಿದ್ದಲು ಹೋಗಬೇಡಿ.

ಎಚ್ಚರಿಕೆಯೊಂದಿದೆ. ಚಿತ್ರದಲ್ಲಿ ಆತ್ಮಹತ್ಯೆಯ ಪ್ರಯತ್ನದ ದೃಶ್ಯಗಳಿವೆ. ಮೊದಲೇ ತಿಳಿಸಿ, ಬೇಡವೆಂದ ಮಗು ಎದ್ದುಹೋಗಲು ಬಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಕಿವಿ ಕೇಳದ ಮಗು ಫೋನಿನಲ್ಲಿ ಮಾತಾಡಲಾರದು, ಅದರ ಪರವಾಗಿ ಮಾತಾಡುವ ಹಿರಿಯರು ಯಾರೆಂದು ಅಂದೇ ಗೊತ್ತುಮಾಡಿ.

ಪ್ರಶ್ನೆ: ಜಪಾನಿನ ಕಾರ್ಟೂನಿನವರೆಲ್ಲ ದೊಡ್ಡ ಕಣ್ಣು, ಬಣ್ಣದ ಕೂದಲಿನವರು. ಅವರು ಬಿಳಿಯರೇ?
— ಓದುಗರು, ಸಿಂಧನೂರು

ಉತ್ತರ: ಅಲ್ಲ. ದೊಡ್ಡ ಕಣ್ಣಿನ ಶೈಲಿಯನ್ನು ಬೆಳೆಸಿದವರಲ್ಲಿ ಜಪಾನಿನ ಮಾಂಗಾ ಕಲಾವಿದ ಒಸಾಮು ತೆಜುಕಾ ಮುಖ್ಯರು. ಡಿಸ್ನಿ ಚಿತ್ರಗಳ ಪ್ರಭಾವ ಅವರ ಮೇಲಿತ್ತು. ಸರಳ ಗೆರೆಯಲ್ಲಿ ಮುಖಗಳು ಒಂದೇ ಥರ ಕಾಣುವುದರಿಂದ ಗುರುತಿಗೆ ಕೂದಲಿನ ಬಣ್ಣ ನೆರವಾಗುತ್ತದೆ. ಬಯಲಾಟದಲ್ಲಿ ಕಿರೀಟ, ಬಣ್ಣ ನೋಡಿ ಪಾತ್ರ ಹಿಡಿಯುತ್ತೇವಲ್ಲ, ಹಾಗೆ. ಪಾತ್ರ ಎಲ್ಲಿಯದೆಂದು ಹೇಳುವುದು ಹೆಸರು, ಊಟ, ಶಾಲೆಯ ಸಮವಸ್ತ್ರ, ಊರು. ಮೇಲೆ ಹೇಳಿದ ಚಿತ್ರದ ಸೇತುವೆ, ಕಾಲುವೆಗಳಿಗೆ ಮಾದರಿ ಜಪಾನಿನ ಗಿಫು ಪ್ರಾಂತ್ಯದ ಓಗಾಕಿ ಎಂಬ ಊರು.