ಮಾಸಿದ ಕ್ಯಾಪ್ ಕೊಳ್ಳಬೇಕಾ, ನಾವೇ ಮಾಸಿಸಬೇಕಾ?

ಬಣ್ಣ ಮಾಸಿ ಅಂಚು ಹರಿದಂತೆ ಮಾಡಿರುವ ಬೇಸ್‌ಬಾಲ್ ಕ್ಯಾಪ್‌ಗೆ ಜಾಸ್ತಿ ದುಡ್ಡು ಕೊಡಬೇಕಾ, ಇಲ್ಲ ಸಾದಾ ಕ್ಯಾಪ್ ತಗೊಂಡು ಹಾಕಿ ಹಾಕಿ ಹಳೆಯದು ಮಾಡಬೇಕಾ ಅಂತ ಕೇಳಿದ್ದೀರಿ. ನನ್ನ ಓಟು ಸಾದಾ ಕ್ಯಾಪ್‌ಗೆ.

ಕಾರ್ಖಾನೆಯಲ್ಲಿ ಪ್ಯೂಮಿಸ್ ಎಂಬ ಹಗುರವಾದ ಒರಟು ಕಲ್ಲನ್ನೋ ಸೆಲ್ಯುಲೇಸ್ ಎಂಬ ಕಿಣ್ವವನ್ನೋ ಹಾಕಿ ಒಗೆಯುತ್ತಾರೆ. ಕಿಣ್ವ ಹತ್ತಿಯ ಮೇಲ್ಮೈಯನ್ನು ತಿನ್ನುತ್ತದೆ, ಜೊತೆಗೆ ಬಣ್ಣವೂ ಹೋಗುತ್ತದೆ. ಆಮೇಲೆ ಅಂಚನ್ನು ಉಜ್ಜಿ ನೂಲು ಎಬ್ಬಿಸುತ್ತಾರೆ. ತೊಂದರೆ ಏನಂದ್ರೆ, ಹೆಚ್ಚಾಗಿ ಒಳಗೂ ಹೊರಗೂ ಒಂದೇ ಸಮ ಮಾಸಿರುತ್ತದೆ. ಬಿಸಿಲು ಹಾಗೆ ಕೆಲಸ ಮಾಡಲ್ಲ ಅಲ್ವಾ? ವರ್ಷಗಟ್ಟಲೆ ಹಾಕಿದ ಕ್ಯಾಪ್‌ನಲ್ಲಿ ನೆತ್ತಿ ಮತ್ತು ಮುಂಚಾಚಿನ ಮೇಲ್ಭಾಗ ಮಾತ್ರ ಬಿಳಿಚಿಕೊಂಡಿರುತ್ತದೆ. ತಿರುಗಿಸಿ ನೋಡಿ, ಕೆಳಗೆ ಕಡು ಬಣ್ಣ ಹಾಗೇ ಇರುತ್ತದೆ. ಹಣೆಪಟ್ಟಿಯ ಹತ್ತಿರ ಬೆವರಿನ ಉಪ್ಪು ಅಲೆಅಲೆಯಾಗಿ ಗೆರೆ ಎಳೆದಿರುತ್ತದೆ. ನೂಲು ಬಿಚ್ಚುವುದು ನೀವು ದಿನಾ ಬೆರಳಿಟ್ಟು ಹಿಡಿಯುವ ಜಾಗದಲ್ಲಿ. ಅದು ನಿಮ್ಮದೇ ಕೈಯ ಗುರುತು. (ವಾಸನೆಯ ವಿಷಯ ಬೇಡ ಬಿಡಿ.)

ಕೊಳ್ಳುವಾಗ ಪೂರ್ತಿ ಹತ್ತಿಯ ಟ್ವಿಲ್ (ಓರೆಗೆರೆಯ ನೇಯ್ಗೆ) ಬಟ್ಟೆಯದ್ದನ್ನೇ ಆರಿಸಿ. ಪಾಲಿಯೆಸ್ಟರ್ ಅಷ್ಟು ಬೇಗ ಮಾಸುವುದಿಲ್ಲ. ಮುಂಭಾಗದ ಒಳಗೆ ಬಕ್ರಮ್, ಅಂದ್ರೆ ಆಕಾರ ನಿಲ್ಲಲು ಹಾಕುವ ಗಟ್ಟಿ ಬಟ್ಟೆ, ಇಲ್ಲದಿದ್ದರೆ ತಲೆಗೆ ಬೇಗ ಹೊಂದುತ್ತದೆ. ಒದ್ದೆಯಿರುವಾಗಲೇ ಹಾಕಿಕೊಂಡು ಒಣಗಲು ಬಿಡಿ, ಆಕಾರ ಕೂರುತ್ತದೆ. ಆದರೆ ಮುಂಚಾಚಿನೊಳಗೆ ರಟ್ಟಿರುವ ಹಳೇ ಮಾದರಿಯಾದರೆ ನೀರಲ್ಲಿ ಅದ್ದಲೇಬೇಡಿ.

ಮೊದಲ ದಿನವೇ ಮೆತ್ತಗಿರಬೇಕು ಅಂದ್ರೆ, ಒಗೆದು ಮೆದು ಮಾಡಿರುವುದನ್ನು ತಗೊಳ್ಳಿ, ಅದರಲ್ಲಿ ತಪ್ಪಿಲ್ಲ. ಹರಿದಿರುವುದಕ್ಕೆ ಮಾತ್ರ ಸುಮ್ನೆ ದುಡ್ಡು ಸುರಿಯಬೇಡಿ.