ಟ್ಯಾಂಕ್ ಖಾಲಿ, ಮುಳ್ಳು ಮಾತ್ರ ಫುಲ್

ಪ್ರಶ್ನೆ: ನಮಸ್ಕಾರ ಸಾರ್, ನಮ್ದು ಮದ್ದೂರು ಕಡೆ ಹಳ್ಳಿ. ನಮ್ ತಾತ ಫ್ಯಾಕ್ಟ್ರಿಗೆ ಕಬ್ಬು ಹೊಡೀತಿದ್ದ ಟಾಟಾ ಮರ್ಸಿಡಿಸ್ ಲಾರಿ ಆಲೆಮನೆ ಹಿಂದ್ಗಡೆ ಎಷ್ಟೋ ವರ್ಷದಿಂದ ಬಿದ್ದಿತ್ತು, ಈಗ ನಾನು ನಮ್ ಚಿಕ್ಕಪ್ಪನ ಮಗ ಸೇರ್ಕಂಡು ರೆಡಿ ಮಾಡ್ತಾ ಇದೀವಿ. ಇಂಜಿನ್ ಆಯ್ತು, ಬ್ರೇಕ್ ಆಯ್ತು, ಟ್ಯಾಂಕ್ ಬಿಚ್ಚಿ ತೊಳ್ಸಿ ಪೇಂಟ್ ಹೊಡ್ಸಿ ಕೂರಿಸಿದ್ವಿ. ಮುಂಚೆ ಡೀಸೆಲ್ ಮುಳ್ಳು ವಸಿನಾದ್ರೂ ಆಡ್ತಿತ್ತು, ಈಗ ಕೀ ತಿರುಗಿಸಿದ ತಕ್ಷಣ ಫುಲ್ ದಾಟಿ ಹೋಗಿ ನಿಂತ್ಕಂಬಿಡ್ತದೆ. ಅದನ್ನ ನಂಬ್ಕಂಡು ಹೋಗಿ ಶ್ರೀರಂಗಪಟ್ಟಣದ ಹತ್ರ ಡೀಸೆಲ್ ಖಾಲಿಯಾಗಿ ಗಾಡಿ ಏರ್ ಎಳ್ಕಂಡು ರಾತ್ರಿ ಹತ್ತು ಗಂಟೆವರ್ಗೂ ರೋಡಲ್ಲೇ. ಎಲೆಕ್ಟ್ರಿಷಿಯನ್ನು ಮೀಟ್ರೇ ಹೋಗೈತೆ ಅಂತಾವ್ನೆ, ಗುಜರಿಲಿ ಒಂದು ಮೀಟ್ರು 3,500ಕ್ಕೆ ಹೇಳ್ತಾವ್ರೆ. ತಗೊಳ್ಳದಾ? ಆಯುಧಪೂಜೆಗೆ ಗಾಡಿ ನಿಲ್ಲಿಸ್ಬೇಕು ಅಂತ ಆಸೆ.

ಉತ್ತರ: ತಗೋಬೇಡಿ, ಸದ್ಯಕ್ಕೆ ದುಡ್ಡು ಜೇಬಲ್ಲೇ ಇರ್ಲಿ. ನಿಮ್ ಕಾಗದದಲ್ಲೇ ಉತ್ತರ ಇದೆ ನೋಡಿ, ಪೇಂಟ್ ಹೊಡ್ಸೋಕ್ ಮುಂಚೆ ಆಡ್ತಿತ್ತು ಅಂದ್ರಲ್ಲ, ಮೀಟ್ರಿಗೇನು ಪೇಂಟ್ ಹೊಡ್ಸಿಲ್ವಲ್ಲ.

ಟ್ಯಾಂಕ್ ಮೇಲೆ ಒಂದು ಯೂನಿಟ್ ಕೂತಿರುತ್ತೆ, ಡೀಸೆಲ್ ಮೇಲೆ ತೇಲೋ ಫ್ಲೋಟಿನ ಕಡ್ಡಿಯಿಂದ ಮಟ್ಟ ಎಷ್ಟಿದೆ ಅಂತ ಮೀಟ್ರಿಗೆ ತಿಳಿಸೋದು ಅದೇ, ಅದಕ್ಕೆ ಸಾಮಾನ್ಯವಾಗಿ ಬರೋದು ಒಂದೇ ವಯರ್ರು. ಮೀಟ್ರಿಂದ ಕರೆಂಟು ಆ ವಯರ್ರಲ್ಲಿ ಬಂದು, ಯೂನಿಟ್ ಒಳಗೆ ಸುತ್ತಿರೋ ಸಣ್ಣ ತಂತಿ ಹಾದು, ಯೂನಿಟ್ಟಿನ ಬಾಡಿ, ಅದ್ರ ಸ್ಕ್ರೂಗಳು, ಟ್ಯಾಂಕು, ಟ್ಯಾಂಕಿನ ಪಟ್ಟಿ, ಛಾಸಿ ಅಂತ ದಾಟ್ಕೊಂಡು ವಾಪಸ್ ಬ್ಯಾಟರಿಗೆ ಹೋಗ್ಬೇಕು. ಈಗ ನೀವು ಟ್ಯಾಂಕಿಗೆ ಎರಡು ಕೋಟ್ ಪೇಂಟ್, ಪಟ್ಟಿಗೆ ಪೇಂಟ್, ಪಟ್ಟಿ ಅಡಿಗೆ ಹೊಸ ರಬ್ಬರ್, ಯೂನಿಟ್ ಅಡಿಗೆ ಹೊಸ ಕಾರ್ಕ್ ಪ್ಯಾಕಿಂಗ್, ಎಲ್ಲಾ ನೀಟಾಗೇ ಮಾಡಿರ್ತೀರ, ಅಷ್ಟರಲ್ಲಿ ಅರ್ತೇ, ಅಂದ್ರೆ ಕರೆಂಟು ವಾಪಸ್ ಹೋಗೋ ದಾರಿನೇ, ಕಟ್ಟಾಗಿರುತ್ತೆ. ಹಳೇ ತುಕ್ಕು ಹಿಡ್ದ ಟ್ಯಾಂಕಿಗೆ ಹೇಗೋ ಅಲ್ಲಿ ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗ್ತಿತ್ತು.

ಮುಳ್ಳು ಖಾಲಿ ಕಡೆಗೆ ಬೀಳ್ದೆ ಫುಲ್ ದಾಟಿದ್ದು ಯಾಕೆ ಅಂದ್ರೆ, ಅದು ಜರ್ಮನ್ ರೀತಿ ಮೀಟ್ರು ಇರ್ಬೇಕು. ಟಾಟಾದವರು ಮರ್ಸಿಡಿಸ್ ಮಾಡ್ತಿದ್ದ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿದ್ದು 1954ರಲ್ಲಿ, ಆ ಒಪ್ಪಂದ ಮುಗಿದಿದ್ದು 1969ರಲ್ಲಿ, ನಿಮ್ ತಾತನ ಗಾಡಿ ಮುಂದೆ ಮೂರು ಮೂಲೆ ನಕ್ಷತ್ರ ಇದ್ರೆ ಅದು ಆ ಕಾಲದ್ದು. ಜರ್ಮನ್ ರೀತಿ ಮೀಟ್ರಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಖಾಲಿ ಇದ್ದಾಗ ಯೂನಿಟ್ಟಿನ ರೆಸಿಸ್ಟೆನ್ಸು, ಅಂದ್ರೆ ಕರೆಂಟಿಗೆ ಒಡ್ಡೋ ತಡೆ, ಸುಮಾರು 10 ಓಮ್, ಫುಲ್ ಇದ್ದಾಗ 180. ದಾರಿ ಪೂರ್ತಿ ಕಟ್ಟಾದ್ರೆ ಅದು 180ಕ್ಕಿಂತ ಎಷ್ಟೋ ಜಾಸ್ತಿ ಅಲ್ವಾ, ಮೀಟ್ರು ಪಾಪ ಟ್ಯಾಂಕ್ ತುಂಬಿ ತುಳುಕ್ತಾ ಇದೆ ಅಂದ್ಕೊಳುತ್ತೆ. ಇಂಗ್ಲೆಂಡಿನ ಸ್ಮಿತ್ಸ್ ಕಂಪ್ನಿ ರೀತಿ ಮೀಟ್ರು ಇದಕ್ಕೆ ಉಲ್ಟಾ, ಖಾಲಿಗೆ 240ರ ಆಸುಪಾಸು, ಫುಲ್ಲಿಗೆ 30ರ ಆಸುಪಾಸು. ಗುಜರಿ ಮೀಟ್ರು ಬೇಡ ಅಂದಿದ್ದು ಇದಕ್ಕೇ, ಮೀಟ್ರು ಮತ್ತೆ ಟ್ಯಾಂಕ್ ಯೂನಿಟ್ಟು ಜೋಡಿ, ಒಂದನ್ನ ಬೇರೆ ಜಾತಿದು ತಂದು ಹಾಕಿದ್ರೆ ಅರ್ಧ ಟ್ಯಾಂಕನ್ನ ಖಾಲಿ ಅನ್ನುತ್ತೆ, ಖಾಲೀನ ಫುಲ್ ಅನ್ನುತ್ತೆ, ಆಮೇಲೆ ತಲೆ ಕೆಟ್ಟು ಕೂತ್ಕೋಬೇಕು.

ಈಗ ಹೀಗೆ ಮಾಡಿ. ಯೂನಿಟ್ಟಿಂದ ವಯರ್ ಬಿಚ್ಚಿ, ಕೀ ಆನ್ ಮಾಡಿ, ಆ ವಯರ್ ತುದಿನ ಟ್ಯಾಂಕ್ ಬಾಯಿಂದ ದೂರ ತಂದು ಛಾಸಿಯ ಬರೀ ಕಬ್ಬಿಣಕ್ಕೆ ಒಂದು ಸೆಕೆಂಡು ಮುಟ್ಟಿಸಿ, ಇನ್ನೊಬ್ರು ಕ್ಯಾಬಿನ್ನಲ್ಲಿ ಮುಳ್ಳು ನೋಡ್ತಾ ಇರ್ಲಿ. ಮುಳ್ಳು ಸರ್ರಂತ ಖಾಲಿ ಕಡೆ ಇಳಿದ್ರೆ ಮೀಟ್ರೂ ಸರಿ ವಯರ್ರೂ ಸರಿ. ಇಳೀಲಿಲ್ಲ ಅಂದ್ರೆ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚಿ. ಮುಂದೆ ವಯರ್ನ ವಾಪಸ್ ಹಾಕಿ, ಬೇರೆ ಒಂದು ತುಂಡು ವಯರ್ ತಗೊಂಡು ಯೂನಿಟ್ಟಿನ ಸ್ಕ್ರೂ ತಲೆಯಿಂದ ಛಾಸಿಗೆ ಹಿಡೀರಿ. ನೂರಕ್ಕೆ ತೊಂಬತ್ತು ಇಷ್ಟಕ್ಕೇ ಮುಳ್ಳು ಸರಿಯಾದ ಜಾಗಕ್ಕೆ ಬರುತ್ತೆ ಅಂತ ನನ್ನ ಅಂದಾಜು. ಬಂದ್ರೆ ಪೇಂಟ್ ಕೆರೆಯೋಕೆ ಹೋಗ್ಬೇಡಿ, ಅದೇ ವಯರ್ಗೆ ಎರಡು ಕಡೆ ಲಗ್ (ಸ್ಕ್ರೂ ಹಾಕೋ ತೂತಿರೋ ತುದಿ) ಹಾಕಿಸಿ ಪರ್ಮನೆಂಟಾಗಿ ಟೈಟ್ ಮಾಡ್ಬಿಡಿ, ಛಾಸಿ ಕಡೆ ಮಾತ್ರ ಒಂದು ರೂಪಾಯಿ ಅಗಲ ಪೇಂಟ್ ತೆಗೀರಿ. ನಾನು ಬನ್ನಿಮಂಟಪದ ಹತ್ರ ಒಂದು ಶೆಡ್ಡಲ್ಲಿ ನನ್ನ ಹಳೇ ಗಾಡಿಗೆ ಎರಡು ಮೀಟ್ರು ಬದಲಾಯಿಸಿ ಆಮೇಲೆ ಕಲ್ತಿದ್ದು ಇದು, ಆ ಎರಡು ಮೀಟ್ರೂ ಈಗ್ಲೂ ಮನೇಲಿ ಅಟ್ಟದ ಮೇಲಿವೆ, ಎರಡೂ ಚೆನ್ನಾಗೇ ಇವೆ.

ಇನ್ನೊಂದು, ಚೆಕ್ ಮಾಡ್ತೀನಿ ಅಂತ ಯಾರಾದ್ರೂ ಯೂನಿಟ್ಟಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಡೋಕೆ ಬಂದ್ರೆ ಕೈ ಹಿಡ್ಕೊಳ್ಳಿ. 10 ಓಮಿಗೆ 12 ವೋಲ್ಟ್ ಕೊಟ್ರೆ 14 ವ್ಯಾಟ್ ಮೇಲೆ ಶಾಖ, 24 ವೋಲ್ಟ್ ಆದ್ರೆ ಅದರ ನಾಲ್ಕರಷ್ಟು, ಕೂದಲೆಳೆ ತಂತಿ ಸುಟ್ಟು ಹೋಗುತ್ತೆ.

ಅರ್ತ್ ಕೊಟ್ರೂ ಸರಿಹೋಗ್ಲಿಲ್ವಾ, ಆಗ ಯೂನಿಟ್ ಹೊರಗೆ ತೆಗೀರಿ. ಮಲ್ಟಿಮೀಟರ್ ಓಮಿಗೆ ಇಟ್ಟು ಫ್ಲೋಟಿನ ಕಡ್ಡೀನ ನಿಧಾನಕ್ಕೆ ಎತ್ತಿ, ಅಂಕಿ ಒಂದೇ ಸಮ ಏರ್ಬೇಕು. ಮಧ್ಯದಲ್ಲಿ ಎಲ್ಲೋ ಹಾರಿ ಸಾವಿರಕ್ಕೆ ಹೋಯ್ತು ಅಂದ್ರೆ ಅಲ್ಲಿ ತಂತಿ ಮೇಲೆ ಕಿಲುಬು, ಇಲ್ಲಾ ತಂತಿನೇ ತುಂಡು. ಕಿಲುಬಾದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದು ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ ಸಾಕು, ಎಮರಿ ಪೇಪರ್ ಹಾಕಿದ್ರೆ ತಂತಿನೇ ಹೋಗುತ್ತೆ.

ಎಲ್ಲಾ ಆದ್ಮೇಲೆ ಖಾಲಿ ಟ್ಯಾಂಕಿಗೆ 20 ಲೀಟರ್ ಕ್ಯಾನಲ್ಲಿ ಒಂದೊಂದೇ ಕ್ಯಾನ್ ಸುರಿದು ಪ್ರತಿ ಸಲ ಮುಳ್ಳು ಎಲ್ಲಿದೆ ಬರ್ಕೊಳ್ಳಿ, ಜೊತೆಗೆ ಒಂದು ಬಿದಿರು ಕಡ್ಡಿ ಅದ್ದಿ ಗೀಟು ಹಾಕ್ಕೊಳ್ಳಿ. ಟ್ಯಾಂಕ್ ದುಂಡಗಿದ್ರೆ ಮುಳ್ಳು ಅರ್ಧದ ಹತ್ರ ನಿಧಾನ, ತಳಕ್ಕೆ ಬಂದಾಗ ದಡಬಡ ಇಳಿಯುತ್ತೆ, ಅದು ಕಾಯಿಲೆ ಅಲ್ಲ. ನಿಮ್ ತಾತ ಮುಳ್ಳು ನೋಡಿ ಡೀಸೆಲ್ ಹಾಕಿಸ್ತಿದ್ರು ಅಂತ ನನಗಂತೂ ಅನ್ಸಲ್ಲ, ಕಡ್ಡಿನೇ ಅದ್ದಿ ನೋಡ್ತಿದ್ದಿರ್ಬೇಕು, ಕೇಳಿ ನೋಡಿ ಮನೇಲಿ.

ಪ್ರಶ್ನೆ: ಮೈಸೂರಿನವನು, ಹಳೇ ಪೆಟ್ರೋಲ್ ಲಾರಿ ಇದೆ. ಟ್ಯಾಂಕ್ ತುಂಬಿದ್ರೂ ಮುಳ್ಳು ಏಳಲ್ಲ. ಹಿತ್ತಾಳೆ ಫ್ಲೋಟ್ ಬಿಚ್ಚಿ ಅಲ್ಲಾಡಿಸಿದ್ರೆ ಒಳಗೆ ಕುಳಕುಳ ಅಂತ ಸದ್ದು. ಬೆಸುಗೆ ಹಾಕಿಸ್ಬಹುದಾ?

ಉತ್ತರ: ಫ್ಲೋಟ್ ಮುಳುಗ್ತಾ ಇದೆ, ಕಾರಣ ನೀವೇ ಕಂಡ್ಹಿಡಿದಿದ್ದೀರ. ಆದ್ರೆ ಒಳಗೆ ಪೆಟ್ರೋಲ್ ಇಟ್ಕೊಂಡು ಬೆಸುಗೆ ಅಂದ್ರೆ ಪಟಾಕಿಗೆ ಬೆಂಕಿ ಇಟ್ಟ ಹಾಗೆ, ಒಂದು ಚಮಚ ಇದ್ರೂ ಸಾಕು ಸಿಡಿಯೋಕೆ. ಬಿಸಿ ನೀರನ್ನ ಒಲೆಯಿಂದ ದೂರ ಅಂಗಳಕ್ಕೆ ತಂದು ಅದರಲ್ಲಿ ಫ್ಲೋಟ್ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತೋ ಅಲ್ಲೇ ತೂತು. ಅದನ್ನ ಸ್ವಲ್ಪ ದೊಡ್ಡದು ಮಾಡಿ ಪೆಟ್ರೋಲ್ ಪೂರ್ತಿ ಬಸಿದು, ಸೋಪಿನ ನೀರು ಹಾಕಿ ನಾಲ್ಕೈದು ಸಲ ಕುಲುಕಿ, ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ, ವಾಸನೆ ಒಂಚೂರೂ ಇಲ್ಲ ಅಂದ ಮೇಲೆ ಮಾತ್ರ ಬೆಸುಗೆಯವರ ಹತ್ರ ತಗೊಂಡು ಹೋಗಿ. ಹೊಸ ಫ್ಲೋಟೇ ಸಿಕ್ಕಿದ್ರೆ ಈ ರಗಳೆ ಯಾವುದೂ ಬೇಡ. ಹಾಕಿಸೋದೇ ಆದ್ರೆ ಸೀಸ ತೆಳ್ಳಗೆ ಎಳೆಸಿ, ದಪ್ಪಗೆ ಮೆತ್ತಿದ್ರೆ ಫ್ಲೋಟ್ ಭಾರವಾಗಿ ತಗ್ಗಿ ತೇಲುತ್ತೆ, ಆಗ ಮುಳ್ಳು ಯಾವಾಗ್ಲೂ ಇರೋದಕ್ಕಿಂತ ಕಮ್ಮಿನೇ ತೋರಿಸ್ತಾ ಇರುತ್ತೆ.