ಲೇಬಲ್ ಮೇಲ್ಮುಖವಾಗಿರಲಿ

ನಮಸ್ಕಾರ.

‘ಯಂತ್ರಗಳ ಮಾಯಾಲೋಕ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಪಾರ್ಸೆಲ್ ವಿಂಗಡಣಾ ಕೇಂದ್ರದ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯಲಿ ಎಂದು ಕಾಯುತ್ತಿದ್ದವನು ನಾನು. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಏಕೆಂದರೆ ಇದು ಕೈಬಿಡುವಂಥ ಲೇಖನವಲ್ಲ.

ಮೊದಲ ಎರಡು ಪುಟಗಳಲ್ಲಿ ‘ಅದ್ಭುತ’ ಎಂಬ ಪದ ಹನ್ನೊಂದು ಬಾರಿ ಬಂದಿದೆ. ಬೆಲ್ಟ್ ಅದ್ಭುತ, ಸ್ಕ್ಯಾನರ್ ಅದ್ಭುತ, ವೇಗ ಅದ್ಭುತ. ಆದರೆ ಪೆಟ್ಟಿಗೆ ತನ್ನ ಜಾಗದಲ್ಲೇ ಹೇಗೆ ಬೀಳುತ್ತದೆ ಎಂಬುದು ಕೊನೆಯವರೆಗೂ ಓದುಗರಿಗೆ ತಿಳಿಯುವುದಿಲ್ಲ. ‘ಯಂತ್ರವು ವಿಳಾಸ ಓದಿ, ಯೋಚಿಸಿ, ದಾರಿ ತೋರಿಸುತ್ತದೆ’ ಎಂದು ಬರೆದಿದ್ದೀರಿ. ಅದು ತಪ್ಪು. ಆ ಯಂತ್ರಕ್ಕೆ ನಿಮ್ಮ ಬೀದಿ ಗೊತ್ತಿಲ್ಲ, ಮನೆ ಗೊತ್ತಿಲ್ಲ. ಕ್ಯಾಮೆರಾ ಸಾಮಾನ್ಯವಾಗಿ ಓದುವುದು ಬಾರ್‌ಕೋಡನ್ನು ಮಾತ್ರ. ಆ ಸಂಖ್ಯೆ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಒಂದು ಚ್ಯೂಟಿನ, ಎಂದರೆ ಪೆಟ್ಟಿಗೆ ಜಾರಿ ಇಳಿಯುವ ಇಳಿಜಾರಿನ, ಸಂಖ್ಯೆ ಮರಳಿ ಬರುತ್ತದೆ. ಇಂದು ರಾತ್ರಿ ಶಿರಸಿಯ ಮೂಟೆಗೆ ಇಳಿಯುವ ಚ್ಯೂಟ್, ಯಾವ ಊರಿಗೆ ಯಾವ ಚ್ಯೂಟ್ ಎಂಬ ಪಟ್ಟಿ ಬದಲಾಯಿಸಿದರೆ ಬೆಳಿಗ್ಗೆ ಪುತ್ತೂರಿನದಾಗುತ್ತದೆ. ಯೋಚನೆಯೆಲ್ಲ ಆ ಪಟ್ಟಿ ಬರೆದವರದು.

ನೀವು ಒಂದೇ ಸಾಲಿನಲ್ಲಿ ದಾಟಿಹೋದ ಸುತ್ತುಬೆಲ್ಟಿನ ಮುಂದೆ ನಾನಾದರೆ ಒಂದು ಪುಟವಿಡೀ ನಿಲ್ಲುತ್ತಿದ್ದೆ. ರೈಲಿನ ಬೋಗಿಗಳಂತೆ ಜೋಡಿಸಿದ ಪುಟ್ಟ ಗಾಡಿಗಳು ಹಳಿಯ ಮೇಲೆ ಸುತ್ತುತ್ತಲೇ ಇರುತ್ತವೆ. ಪ್ರತಿ ಗಾಡಿಯ ಬೆನ್ನ ಮೇಲೂ ಅಡ್ಡಡ್ಡಕ್ಕೆ ತಿರುಗುವ ಒಂದು ಚಿಕ್ಕ ಬೆಲ್ಟ್. ಪೆಟ್ಟಿಗೆಯನ್ನು ಒಮ್ಮೆ ಓದಿದರೆ ಸಾಕು, ಆಮೇಲೆ ಅದರ ಬೆನ್ನು ಹತ್ತುವ ಅಗತ್ಯವಿಲ್ಲ. ಯಾವ ಗಾಡಿಯಲ್ಲಿ ಯಾವ ಪೆಟ್ಟಿಗೆ ಎಂಬ ಲೆಕ್ಕವಿದ್ದರಾಯಿತು. ಗಾಡಿ ತನ್ನ ಚ್ಯೂಟಿನ ಎದುರು ಬಂದ ಕ್ಷಣ ಚಿಕ್ಕ ಬೆಲ್ಟ್ ತಿರುಗಿ ಪೆಟ್ಟಿಗೆಯನ್ನು ಪಕ್ಕಕ್ಕೆ ಜಾರಿಸುತ್ತದೆ. ಚ್ಯೂಟ್ ತುಂಬಿದ್ದರೆ ಪೆಟ್ಟಿಗೆಗೆ ಇನ್ನೊಂದು ಪ್ರದಕ್ಷಿಣೆ. ಇಷ್ಟನ್ನು ನೇರವಾಗಿ ಬರೆದರೆ ಓದುಗರು ತಾವಾಗಿಯೇ ಬೆರಗಾಗುತ್ತಾರೆ. ಆ ಕೆಲಸವನ್ನು ‘ಅದ್ಭುತ’ ಎಂಬ ಪದದಿಂದ ಮಾಡಿಸಬೇಡಿ.

ಅಮೆರಿಕದ ಮೆಂಫಿಸ್ ನಗರದ ಚರಿತ್ರೆಗೆ ಆರು ಪ್ಯಾರಾ ಕೊಟ್ಟಿದ್ದೀರಿ. 1973ರ ಏಪ್ರಿಲ್ 17ರ ರಾತ್ರಿ ಅಲ್ಲಿಂದ ಫೆಡರಲ್ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಸಂಸ್ಥೆ 14 ವಿಮಾನಗಳಲ್ಲಿ 186 ಪೊಟ್ಟಣಗಳನ್ನು ಸಾಗಿಸಿತು ಎಂಬ ಒಂದು ವಾಕ್ಯವನ್ನು ಉಳಿಸಿಕೊಳ್ಳಿ. ಎಲ್ಲವನ್ನೂ ಒಂದೇ ಊರಿಗೆ ತಂದು, ವಿಂಗಡಿಸಿ, ಬೆಳಗಾಗುವುದರೊಳಗೆ ಮತ್ತೆ ಚದುರಿಸುವ ಉಪಾಯ ಅಷ್ಟರಲ್ಲೇ ಹೇಳಿಬಿಡಬಹುದು. ಅದಕ್ಕಿಂತ ಎಂಟು ತಿಂಗಳು ಮೊದಲೇ, 1972ರ ಆಗಸ್ಟ್ 15ರಂದು, ನಮ್ಮ ಅಂಚೆ ಇಲಾಖೆ ಪಿನ್ ಕೋಡ್ ತಂದಿತ್ತು. ಅದರ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ! ಶಿರಸಿಯ 581401ನ್ನೇ ತೆಗೆದುಕೊಳ್ಳಿ. 5 ಎಂಬುದು ದಕ್ಷಿಣದ ಒಂದು ವಲಯ, 581 ಎಂಬುದು ವಿಂಗಡಣೆಯ ಜಿಲ್ಲೆ, ಉಳಿದ ಮೂರಂಕಿ ಬಟವಾಡೆಯ ಅಂಚೆ ಕಚೇರಿ. ಖಾಸಗಿ ಕೊರಿಯರ್ ಸಂಸ್ಥೆಗಳಿಗೂ ಈ ಆರು ಅಂಕಿಗಳೇ ಆಸರೆ.

ಇನ್ನೊಂದು ಚಿಕ್ಕ ತಿದ್ದುಪಡಿ. ಸ್ಕ್ಯಾನರಿನ ಸುರಂಗದಲ್ಲಿ ತೂಕದ ಜೊತೆಗೆ ಅಳತೆಯನ್ನೂ ತೆಗೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ತೂಕವೆಂದು ಎಣಿಸುವುದು ಹಲವು ಸಂಸ್ಥೆಗಳ ರೂಢಿ. 50, 40, 30ರ ಪೆಟ್ಟಿಗೆಯಲ್ಲಿ ದಿಂಬು ಕಳಿಸಿದವರು 12 ಕಿಲೋಗೆ ಹಣ ತೆರುವುದು ಇದರಿಂದಲೇ. ಓದುಗರಿಗೆ ಇದು ಕೂಡಲೇ ಹತ್ತಿರವಾಗುತ್ತದೆ.

ಈಗ ನನ್ನ ಮುಖ್ಯ ಮಾತು. ಐದನೆಯ ಪುಟದ ಕೊನೆಯಲ್ಲಿ ನೀವು ಹೀಗೆ ಬರೆದಿದ್ದೀರಿ: ‘ನಾನು ಅಲ್ಲಿ ಮೂರು ತಿಂಗಳು ರಾತ್ರಿ ಪಾಳಿ ಮಾಡಿದೆ. ಲೇಬಲ್ ಮೇಲೆ, ಲೇಬಲ್ ಮೇಲೆ ಎಂದು ಮೇಲ್ವಿಚಾರಕರು ಕೂಗುತ್ತಿದ್ದದ್ದು ನಿದ್ದೆಯಲ್ಲೂ ಕೇಳುತ್ತಿತ್ತು.’ ಇಡೀ ಲೇಖನದಲ್ಲಿ ಉಸಿರಾಡುತ್ತಿರುವುದು ಈ ಎರಡು ವಾಕ್ಯಗಳೇ. ಅವನ್ನು ಅಷ್ಟು ಹಿಂದೆ ಏಕೆ ಬಚ್ಚಿಟ್ಟಿರಿ? ಲಾರಿಯಿಂದ ಪೆಟ್ಟಿಗೆ ಇಳಿಸಿದ್ದು ನಿಮ್ಮ ಕೈ, ಅದನ್ನು ಮಗುಚಿ ಲೇಬಲ್ ಮೇಲಕ್ಕೆ ಮಾಡಿದ್ದು ನಿಮ್ಮ ಕೈ. ‘ಮನುಷ್ಯನ ಕೈ ಸೋಕುವುದೇ ಇಲ್ಲ’ ಎಂದು ಮೂರನೆಯ ಪುಟದಲ್ಲಿ ನೀವೇ ಬರೆದದ್ದನ್ನು ಕಂಡು ನನಗೆ ನಿಜಕ್ಕೂ ಬೇಸರವಾಯಿತು. ನಿಮ್ಮ ದುಡಿಮೆಯನ್ನು ನೀವೇ ಅಳಿಸಿಹಾಕಿದ್ದೀರಿ.

ಲೇಖನ ಆ ಕೂಗಿನಿಂದಲೇ ಶುರುವಾಗಲಿ. ಆಮೇಲೆ ಒಂದೇ ಒಂದು ಪೆಟ್ಟಿಗೆಯ ಹಿಂದೆ ಹೋಗಿ. ಅದು ಸುಲಭದ ಪೆಟ್ಟಿಗೆಯಾಗದಿರಲಿ. ಮಳೆಯಲ್ಲಿ ನೆನೆದು ಬಾರ್‌ಕೋಡ್ ಕದಡಿದ್ದೋ, ಬೆಲ್ಟಿನ ಮೇಲೆ ನಿಲ್ಲದೆ ಉರುಳುವ ಕೊಳವೆಯಂಥದ್ದೋ ಆಗಲಿ. ಯಂತ್ರ ಓದಲಾರದೆ ಹೊರದಬ್ಬಿದ ಪೆಟ್ಟಿಗೆಗಳ ಮೇಜಿನ ಮುಂದೆ ಯಾರು ಕೂರುತ್ತಿದ್ದರು, ಅಳಿಸಿಹೋದ ಅಕ್ಷರಗಳಿಂದ ಊರನ್ನು ಹೇಗೆ ಹುಡುಕುತ್ತಿದ್ದರು, ಒಂದು ಪಾಳಿಯಲ್ಲಿ ಅಂಥವು ಎಷ್ಟು ಬರುತ್ತಿದ್ದವು? ಇದನ್ನು ಕಣ್ಣಾರೆ ಕಂಡವರು ನೀವು. ನೆನಪಾಗದಿದ್ದರೆ ಜೊತೆಗೆ ದುಡಿದವರನ್ನು ಕೇಳಿ, ಅಂದಾಜಿನಲ್ಲಿ ಬರೆಯಬೇಡಿ.

1200 ಪದ ಸಾಕು. ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕಳುಹಿಸಿ. ಅಷ್ಟು ಜಾಗವನ್ನು ಖಾಲಿ ಇಟ್ಟುಕೊಂಡಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ